ಬಾಯಿ ತಪ್ಪಿದ ಮಾತಿಗೆ ನಗುವ ಮುನ್ನ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಗಾದೆಯ ಬಿಸಿ ಎಲ್ಲರಿಗಿಂತ ಹೆಚ್ಚು ತಾಗುವುದು ಟಿವಿಯಲ್ಲಿ ಫುಟ್ಬಾಲ್ ಪಂದ್ಯದ ವೀಕ್ಷಕ ವಿವರಣೆ ನೀಡುವವರಿಗೆ. ಪತ್ರದಲ್ಲಿ ತಪ್ಪು ಬರೆದರೆ ನಾವು ಹೊಡೆದು ಹಾಕಬಹುದು. ಸಾರಿಗೆ ಉಪ್ಪು ಹೆಚ್ಚಾದರೆ ಸ್ವಲ್ಪ ನೀರು ಬೆರೆಸಬಹುದು. ಅವರಿಗೆ ಆ ಸೌಲಭ್ಯವಿಲ್ಲ. ಕಣ್ಣು ಮೈದಾನದ 22 ಆಟಗಾರರ ಮೇಲೆ, ಕಿವಿಯಲ್ಲಿ ನಿರ್ದೇಶಕರ ಸೂಚನೆ, ಮುಂದೆ ಟಿಪ್ಪಣಿಯ ಹಾಳೆ. ಇದರ ನಡುವೆ 90 ನಿಮಿಷ ಮಾತನಾಡುತ್ತಲೇ ಇರಬೇಕು. ನಾಲಿಗೆ ಜಾರದಿದ್ದರೇ ಆಶ್ಚರ್ಯ!

ಇಂತಹ ತಪ್ಪುಗಳನ್ನು ಹೆಕ್ಕಿ ಜೋಪಾನವಾಗಿಡುವುದರಲ್ಲಿ ಇಂಗ್ಲೆಂಡಿನವರು ನಿಸ್ಸೀಮರು. ಬಿಬಿಸಿಯಲ್ಲಿ ಐದು ದಶಕಗಳ ಕಾಲ ಫುಟ್ಬಾಲ್ ವಿವರಣೆ ನೀಡಿದ ಜಾನ್ ಮಾಟ್ಸನ್ ಅವರ ಹೆಸರಿನಲ್ಲಿ ಒಂದು ಮಾತು ಇಂದಿಗೂ ಓಡಾಡುತ್ತಿದೆ. “ಕಪ್ಪು ಬಿಳುಪು ಟಿವಿಯಲ್ಲಿ ನೋಡುತ್ತಿರುವವರ ಗಮನಕ್ಕೆ, ಸ್ಪರ್ಸ್ ತಂಡದವರು ಪೂರ್ತಿ ಹಳದಿ ಉಡುಪಿನಲ್ಲಿದ್ದಾರೆ!” ಎಲ್ಲವೂ ಬೂದು ಬಣ್ಣವಾಗಿ ಕಾಣುವ ಟಿವಿಯಲ್ಲಿ ಹಳದಿಯನ್ನು ಎಲ್ಲಿ ಹುಡುಕುವುದು? ಆದರೆ ಬಣ್ಣದ ಟಿವಿ ಕೊಳ್ಳಲಾಗದ ಮನೆಯವರನ್ನೂ ನೆನೆದು ಆಡಿದ ಮಾತಲ್ಲವೇ ಅದು? ಉದ್ದೇಶ ಒಳ್ಳೆಯದೇ, ಮಾತು ಮಾತ್ರ ಎಡವಿತು.

ಆಟಗಾರರಾಗಿದ್ದು ನಂತರ ಮೈಕಿನ ಮುಂದೆ ಬಂದ ಕೆವಿನ್ ಕೀಗನ್ ಅವರ ಕಥೆ ಇನ್ನೂ ಸ್ವಾರಸ್ಯಕರ. 1998ರ ಜೂನ್ 30. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ತಂಡಗಳು 2-2ರಲ್ಲಿ ಸಮಬಲ ಸಾಧಿಸಿ ಪೆನಾಲ್ಟಿ ಶೂಟೌಟ್ ನಡೆಯುತ್ತಿತ್ತು. ಡೇವಿಡ್ ಬ್ಯಾಟಿ ಚೆಂಡಿನ ಮುಂದೆ ನಿಂತಿದ್ದರು. ಗೋಲು ತಪ್ಪಿದರೆ ಇಂಗ್ಲೆಂಡ್ ಮನೆಗೆ. ಜೊತೆಗಿದ್ದ ಹಿರಿಯ ವಿವರಣೆಗಾರ ಬ್ರಯಾನ್ ಮೂರ್, “ಬೇಗ ಹೇಳಿ, ಗೋಲು ಹೊಡೆಯುತ್ತಾರಾ?” ಎಂದು ಕೇಳಿದರು. ಕೀಗನ್ “ಹೌದು” ಎಂದರು. ಮರುಕ್ಷಣವೇ ಅರ್ಜೆಂಟೀನಾದ ಗೋಲ್‌ಕೀಪರ್ ಚೆಂಡನ್ನು ತಡೆದುಬಿಟ್ಟರು. ಭವಿಷ್ಯ ಹೇಳಿ ಇಷ್ಟು ಬೇಗ ಸಿಕ್ಕಿಬಿದ್ದವರು ಬೇರೆ ಯಾರೂ ಇರಲಿಕ್ಕಿಲ್ಲ. ಬ್ಯಾಟಿ ಅದಕ್ಕಿಂತ ಮೊದಲು ವೃತ್ತಿಪರ ಪಂದ್ಯದಲ್ಲಿ ಒಂದು ಪೆನಾಲ್ಟಿಯನ್ನೂ ಹೊಡೆದವರಲ್ಲ ಎಂಬುದು ಬೇರೆ ಮಾತು.

ಲಂಡನ್‌ನ ‘ಪ್ರೈವೇಟ್ ಐ’ ಎಂಬ ವ್ಯಂಗ್ಯ ಪತ್ರಿಕೆ ಇಂತಹ ತಪ್ಪುಗಳಿಗೆಂದೇ ಒಂದು ಅಂಕಣ ತೆರೆದು, ಅದಕ್ಕೆ ಬಿಬಿಸಿಯ ಡೇವಿಡ್ ಕೋಲ್‌ಮನ್ ಅವರ ಹೆಸರನ್ನೇ ಇಟ್ಟಿತು. ತಮಾಷೆಯೆಂದರೆ, ಕೋಲ್‌ಮನ್ ಅವರ ಹೆಸರಿಗೆ ಅಂಟಿಕೊಂಡ ಅತ್ಯಂತ ಪ್ರಸಿದ್ಧ ಮಾತನ್ನು ಅವರು ಆಡಿಯೇ ಇರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಓಟಗಾರನೊಬ್ಬನ ಬಗ್ಗೆ ಅದನ್ನು ಹೇಳಿದವರು ಅವರ ಸಹೋದ್ಯೋಗಿ ರಾನ್ ಪಿಕರಿಂಗ್. (ಮನೆಮಂದಿಯೆಲ್ಲ ಓದುವ ಪುಟದಲ್ಲಿ ಆ ಮಾತನ್ನು ಬರೆಯುವಂತಿಲ್ಲ.) ಒಬ್ಬರಿಗೆ ‘ತಪ್ಪು ಮಾತಾಡುವವರು’ ಎಂಬ ಹೆಸರು ಬಂದರೆ ಊರಿನವರ ತಪ್ಪುಗಳೂ ಅವರ ಲೆಕ್ಕಕ್ಕೇ ಬೀಳುತ್ತವೆ. ನಮ್ಮ ಕುಟುಂಬಗಳಲ್ಲಿಯೂ ಅಂಥವರೊಬ್ಬರು ಇರುತ್ತಾರಲ್ಲವೇ?

ಇನ್ನೊಂದು ಘಟನೆ ಹೇಳಬೇಕು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡುವಂತಿಲ್ಲ. ಹಾಗಾಗಿ ‘ಸಾಕರ್ ಸಾಟರ್‌ಡೇ’ ಎಂಬ ಕಾರ್ಯಕ್ರಮದಲ್ಲಿ ವರದಿಗಾರರು ಮೈದಾನದಿಂದ ಪಂದ್ಯವನ್ನು ಬಾಯಲ್ಲೇ ವರ್ಣಿಸುತ್ತಾರೆ. 2010ರ ಏಪ್ರಿಲ್ 3ರಂದು ಪೋರ್ಟ್ಸ್‌ಮತ್ ಮೈದಾನದಲ್ಲಿ ಮಾಜಿ ಆಟಗಾರ ಕ್ರಿಸ್ ಕಮಾರಾ ನಿಂತಿದ್ದರು. ಸ್ಟುಡಿಯೋದಿಂದ ಜೆಫ್ ಸ್ಟೆಲಿಂಗ್, “ಅಲ್ಲಿ ಕೆಂಪು ಕಾರ್ಡ್ ತೋರಿಸಿದ್ದಾರೆ, ಯಾರಿಗೆ?” ಎಂದು ಕೇಳಿದರು. ಕಮಾರಾ ಗಲಿಬಿಲಿಯಿಂದ, “ನನಗೆ ಗೊತ್ತಿಲ್ಲ ಜೆಫ್, ತೋರಿಸಿದ್ದಾರಾ? ನಾನು ಗಮನಿಸಲಿಲ್ಲ” ಎಂದುಬಿಟ್ಟರು. ಆಟಗಾರ ಹೊರನಡೆದದ್ದನ್ನು ಅವರು ನೋಡಿದ್ದರು. ಬದಲಿ ಆಟಗಾರ ಬರುತ್ತಿದ್ದಾನೆ ಎಂದುಕೊಂಡಿದ್ದರಂತೆ! ಸ್ಟುಡಿಯೋದಲ್ಲಿದ್ದವರು ನಕ್ಕೂ ನಕ್ಕೂ ಸುಸ್ತಾದರು. ಕಮಾರಾ ಅವರೂ ನಕ್ಕರು. ಅಂದಿನಿಂದ ಅವರು ಮನೆ ಮನೆಯ ಮೆಚ್ಚಿನ ಮನುಷ್ಯರಾದರು.

ಹನ್ನೆರಡು ವರ್ಷಗಳು ಕಳೆದವು. 2022ರಲ್ಲಿ ಅದೇ ಕಮಾರಾ ಅದೇ ಕಾರ್ಯಕ್ರಮದಲ್ಲಿ ಮಾತನಾಡುವಾಗ ಮಾತು ನಿಧಾನವಾಯಿತು, ಪದಗಳು ತೊಡರಿದವು. ನೋಡಿದವರು ಏನಾಯಿತೆಂದು ಸಾಮಾಜಿಕ ಜಾಲತಾಣಗಳಲ್ಲಿ ಕೇಳತೊಡಗಿದರು. ಆಗ ಕಮಾರಾ ನಿಜ ಸಂಗತಿಯನ್ನು ಹೇಳಿದರು. ಅವರಿಗೆ ‘ಅಪ್ರಾಕ್ಸಿಯಾ’ ಎಂಬ ಮಾತಿನ ತೊಂದರೆ ಬಂದಿತ್ತು. ಇದರಲ್ಲಿ ಬುದ್ಧಿ ಮಂಕಾಗುವುದಿಲ್ಲ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಮೆದುಳಿನ ಅಪ್ಪಣೆ ತುಟಿ, ನಾಲಿಗೆಗಳಿಗೆ ಸರಿಯಾಗಿ ತಲುಪುವುದಿಲ್ಲ. ಮಾತನ್ನೇ ನಂಬಿ ಬದುಕಿದ್ದ ಅವರು ಮುಜುಗರದಿಂದ ಅದನ್ನು ಕೆಲ ಕಾಲ ಮುಚ್ಚಿಟ್ಟಿದ್ದರು. ಆ ವರ್ಷವೇ, 24 ವರ್ಷ ದುಡಿದ ವಾಹಿನಿಯನ್ನು ಬಿಟ್ಟರು.

ಯೋಚಿಸಿ ನೋಡಿ. 2010ರಲ್ಲಿ ಎಲ್ಲರೂ ನಕ್ಕಿದ್ದು ತಪ್ಪಲ್ಲ, ಏಕೆಂದರೆ ಕಮಾರಾ ಕೂಡ ಜೊತೆಯಲ್ಲಿ ನಗುತ್ತಿದ್ದರು. 2022ರಲ್ಲಿ ಅವರು ನಗುತ್ತಿರಲಿಲ್ಲ. ವ್ಯತ್ಯಾಸ ಇರುವುದು ಇಷ್ಟರಲ್ಲೇ. ಎದುರಿನವರ ಮುಖ ನೋಡಿದರೆ ಸಾಕು, ನಗಬೇಕೋ ಬೇಡವೋ ಎಂದು ತಿಳಿಯುತ್ತದೆ.

ನಮ್ಮ ಮನೆಗಳಿಗೂ ಇದು ಅನ್ವಯಿಸುತ್ತದೆ. ಹೊಸದಾಗಿ ಬಂದ ಸೊಸೆ ಅತಿಥಿಗಳ ಮುಂದೆ ಗಾಬರಿಯಲ್ಲಿ ಏನೋ ಒಂದು ಹೇಳಿರುತ್ತಾಳೆ. ಅದನ್ನು ಪ್ರತಿ ಮದುವೆಯಲ್ಲೂ, ಪ್ರತಿ ಹಬ್ಬದಲ್ಲೂ ಹತ್ತು ವರ್ಷ ನೆನಪಿಸಿ ನಗುವವರಿದ್ದಾರೆ. ಅವಳೂ ತುಟಿಯಲ್ಲಿ ನಗುತ್ತಾಳೆ, ಆದರೆ ಮುಂದಿನ ಸಲ ಅತಿಥಿಗಳು ಬಂದಾಗ ಅಡುಗೆ ಮನೆಯಿಂದ ಹೊರಗೆ ಬರುವುದಿಲ್ಲ. ಮೊಮ್ಮಕ್ಕಳ ಹೆಸರು ಅದಲು ಬದಲು ಮಾಡುವ ಅಜ್ಜಿಯನ್ನು ಮಕ್ಕಳು ಅಣಕಿಸಿದಾಗ ಅಜ್ಜಿ ನಕ್ಕರೆ ಸರಿ. ಅಜ್ಜಿ ಸುಮ್ಮನಾದರೆ ಮಕ್ಕಳನ್ನು ತಡೆಯಬೇಕಾದವರು ನಾವು.

ಒಂದು ಮಾತು ನೆನಪಿಡಿ. ಚೆನ್ನಾಗಿ ಮಾತನಾಡುತ್ತಿದ್ದವರ ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಕೈ ಎತ್ತಲಾಗದಿದ್ದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ನಾಳೆ ನೋಡೋಣ ಎನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂದ ಹಾಗೆ, ಕಮಾರಾ ಪೂರ್ತಿ ಮೌನವಾಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ಮತ್ತೆ ಮೈಕ್ ಹಿಡಿದು ಟಿವಿಯಲ್ಲಿ ಕಾಣಿಸಿಕೊಂಡರು. ಅವರನ್ನು ಮಾತಿಗೆ ಕರೆದವರು ಅದೇ ಹಳೆಯ ಗೆಳೆಯ ಜೆಫ್.