ಲೆಕ್ಕಕ್ಕೂ ಮುಯ್ಯಾಳು ಬೇಕು

ಶಲವಡಿಯಂಥ ಎರಿ ಸೀಮೆಯ ಊರುಗಳಲ್ಲಿ ಕಡಲೆ, ಜೋಳದ ಸುಗ್ಗಿಯೂ ಪಿಯುಸಿ ಪರೀಕ್ಷೆಯ ತಯಾರಿಯೂ ಒಂದರ ಮೇಲೊಂದು ಬರುತ್ತವೆ. ಆಳು ಸಿಗದಾಗ ಹಿರಿಯರು ಮುಯ್ಯಾಳಿನ ಲೆಕ್ಕ ಹಾಕುತ್ತಾರೆ: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದೇ ಮನೆಗಳ ಹುಡುಗ ಹುಡುಗಿಯರು ಮಾತ್ರ ತ್ರಿಕೋನಮಿತಿ, ಕಲನಶಾಸ್ತ್ರದ ಪುಸ್ತಕ ಹಿಡಿದು ಒಬ್ಬೊಬ್ಬರೇ ಮೂಲೆ ಸೇರುತ್ತಾರೆ. ಗಣಿತವೆಂದರೆ ಒಂಟಿಯಾಗಿ ಮಾಡುವ ತಪಸ್ಸು ಎಂದು ನಮಗೆ ಯಾರು ಹೇಳಿಕೊಟ್ಟರೋ!

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನಕ್ಕೆ ಬಂದವರ ಪಾಡು ನೋಡಿ. ವೃತ್ತದ ಪಾಠದಲ್ಲಿ ಓದಿದ ‘ಸ್ಪರ್ಶಕ’ ಇಲ್ಲಿ ‘ಟ್ಯಾಂಜೆಂಟ್’. ತ್ರಿಕೋನಮಿತಿಯ ಟ್ಯಾನ್ ಕೂಡ ಟ್ಯಾಂಜೆಂಟೇ. ‘ಡಿರೈವೇಟಿವ್ ಎಂದರೆ ಟ್ಯಾಂಜೆಂಟಿನ ಸ್ಲೋಪ್’ ಎಂದು ಬೋರ್ಡಿನ ಮೇಲೆ ಬರೆದಾಗ ಯಾವ ಟ್ಯಾಂಜೆಂಟ್ ಎಂದು ಕೇಳಲು ಬಾಯಿ ಬರುವುದಿಲ್ಲ. ಪಕ್ಕದ ಬೆಂಚಿನವನು ‘ಗೆರಿ ಹ್ಯಾಂಗ ಏರೇತಿ ನೋಡಲೇ, ಅದು ಎಕ್ಸ್ ಅಕ್ಷದ ಕೂಡ ಮಾಡೋ ಕೋನದ ಟ್ಯಾನ್ ತಗೋ, ಅದ ಸ್ಲೋಪ್’ ಎಂದರೆ ಎರಡೂ ಟ್ಯಾಂಜೆಂಟ್‌ಗಳು ಒಂದೇ ವಾಕ್ಯದಲ್ಲಿ ಕೂಡಿಕೊಳ್ಳುತ್ತವೆ. ನಿನ್ನೆಯಷ್ಟೇ ಅದೇ ಗೊಂದಲ ದಾಟಿದವನಿಗೆ ಎಲ್ಲಿ ಕಾಲು ಜಾರುತ್ತದೆಂದು ಗೊತ್ತಿರುತ್ತದೆ. ಆಡುಮಾತಿನಲ್ಲಿ ಲೆಕ್ಕ ಬಿಡಿಸಿ ಹೇಳುವುದು ಕೀಳೂ ಅಲ್ಲ, ಹೊಸದೂ ಅಲ್ಲ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. 16ನೇ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವ ಸೈನ್, ಕಾಸ್‌ಗಳ ಅನಂತ ಶ್ರೇಣಿಗಳನ್ನು ‘ಯುಕ್ತಿಭಾಷಾ’ದಲ್ಲಿ ಮಲಯಾಳದಲ್ಲೇ ಸಾಧಿಸಿ ತೋರಿಸಿದ.

ಕೂಡಿ ಕುಳಿತರೆ ಏನು ಸಿಗುತ್ತದೆ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಸೈನ್ ಎಕ್ಸ್ ಗುಣಿಸು ಕಾಸ್ ಎಕ್ಸ್, ಇದರ ಅನುಕಲನ ಮಾಡಲು ಮೂವರಿಗೆ ಕೊಡಿ. ಒಬ್ಬಳು ಸೈನ್ ಅನ್ನು ‘ಟಿ’ ಎಂದು ಹಿಡಿದು, ಸೈನ್ ವರ್ಗದ ಅರ್ಧ ಎಂದು ಬರೆಯುತ್ತಾಳೆ. ಇನ್ನೊಬ್ಬ ಕಾಸ್ ಅನ್ನು ಹಿಡಿದು, ಋಣ ಕಾಸ್ ವರ್ಗದ ಅರ್ಧ ಎನ್ನುತ್ತಾನೆ. ಮೂರನೆಯವನು ಸೈನ್ 2ಎಕ್ಸ್ ಸೂತ್ರ ಬಳಸಿ, ಋಣ ಕಾಸ್ 2ಎಕ್ಸ್‌ನ ಕಾಲು ಭಾಗ ಎನ್ನುತ್ತಾನೆ. ಒಂಟಿಯಾಗಿ ಕುಳಿತವನು ಗೈಡಿನ ಹಿಂದಿನ ಪುಟದಲ್ಲಿ ಬೇರೆ ಉತ್ತರ ಕಂಡು ತನ್ನ ಸರಿಯಾದ ಲೆಕ್ಕಕ್ಕೇ ಗೀಟು ಹೊಡೆಯುತ್ತಾನೆ. ಮೂವರೂ ಎದುರುಬದುರು ಕುಳಿತರೆ ಜಗಳ ಹತ್ತುತ್ತದೆ. ಜಗಳದ ಕೊನೆಗೆ ಮೂರೂ ಸರಿ, ಅವುಗಳ ನಡುವಿನ ವ್ಯತ್ಯಾಸ ಬರೀ ಅರ್ಧ ಇಲ್ಲವೇ ಕಾಲು ಎಂಬ ಸ್ಥಿರಾಂಕ ಎಂದು ಗೊತ್ತಾಗುತ್ತದೆ. ಉತ್ತರದ ಬಾಲಕ್ಕೆ ಕೂಡಿಸುವ ಆ ‘ಸಿ’ ಯಾಕಿದೆ ಎಂಬುದು ಅವತ್ತು ತಲೆಗೆ ಹೋದರೆ ಮತ್ತೆ ಮರೆಯುವುದಿಲ್ಲ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೀಸ್ಮನ್ ಎಂಬ ಗಣಿತಜ್ಞರು ಇದನ್ನೇ ಗಮನಿಸಿದರು. ಕಲನಶಾಸ್ತ್ರದಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಹೆಚ್ಚಾಗಿ ಹಿಂದೆ ಬೀಳುತ್ತಿದ್ದರು. ಬಡತನ, ಆಸಕ್ತಿಯ ಕೊರತೆ, ತಂದೆತಾಯಿಯ ಓದು ಹೀಗೆ ಎಲ್ಲರೂ ಒಂದೊಂದು ಕಾರಣ ಊಹಿಸಿದ್ದರು. ಟ್ರೀಸ್ಮನ್ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದರೆ, ಅವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಗುಂಪಾಗಿ ಕುಳಿತು ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಹಿಂದುಳಿದವರಿಗೆ ಸುಲಭ ಪಾಠ ಕೊಡುವ ಬದಲು ಗುಂಪು ಕಟ್ಟಿಸಿ ಇನ್ನೂ ಕಠಿಣ ಲೆಕ್ಕ ಕೊಟ್ಟಾಗ ಫಲಿತಾಂಶವೇ ಬದಲಾಯಿತು.

ಅವರು ‘ಮೊದಲು ತಾವೇ ಮಾಡಿ’ ಕೂಡುತ್ತಿದ್ದರು ಎಂಬುದನ್ನು ಗಮನಿಸಿ. ನಮ್ಮಲ್ಲಿ ಗುಂಪು ಓದು ಎಂದರೆ ಎಷ್ಟೋ ಸಲ ಜಾಣನೊಬ್ಬ ಬಿಡಿಸಿದ ಪುಟದ ಫೋಟೊ ರಾತ್ರಿ ಹತ್ತು ಮೊಬೈಲ್‌ಗಳಿಗೆ ಹರಿಯುವುದು. ಅದು ಮುಯ್ಯಾಳಲ್ಲ, ಬಿಟ್ಟಿ ಚಾಕರಿ. ಪಿಯುಸಿ ಮೌಲ್ಯಮಾಪನದಲ್ಲಿ ಹೆಜ್ಜೆ ಹೆಜ್ಜೆಗೂ ಅಂಕವಿದೆ. ಫೋಟೊ ನೋಡಿದವನಿಗೆ ಎರಡನೇ ಹೆಜ್ಜೆಯಲ್ಲೇ ಕೈ ನಿಲ್ಲುತ್ತದೆ. ಹಾಗೆಯೇ, ಸಿಇಟಿಯ 80 ನಿಮಿಷಕ್ಕೆ 60 ಪ್ರಶ್ನೆಯ ವೇಗವನ್ನು ಗುಂಪು ಕಲಿಸುವುದಿಲ್ಲ. ಅದಕ್ಕೆ ಗಡಿಯಾರ ಇಟ್ಟುಕೊಂಡು ಒಬ್ಬರೇ ಕೂರಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣಂದಿರು, ಅಕ್ಕಂದಿರಿಗೂ ಈ ಮಾತು ಸಲ್ಲುತ್ತದೆ. ಆದರೆ ಅವರು ವಾರಕ್ಕೊಂದು ಸಂಜೆ ಪಿಯುಸಿಯವರ ಜೊತೆ ಕುಳಿತರೆ ತುಕ್ಕು ಹಿಡಿದ ಸೂತ್ರಗಳು ಅವರಿಗೂ ಹೊಳಪೇರುತ್ತವೆ.

ಹುಬ್ಬಳ್ಳಿ, ಧಾರವಾಡದ ಕೋಚಿಂಗ್ ಶುಲ್ಕ ಎಲ್ಲ ಮನೆಗೂ ನಿಲುಕುವುದಿಲ್ಲ. ಮಕ್ಕಳು ಕೂಡಿ ಕೂರಲು ಜಾಗವಾದರೂ ಬೇಡವೇ? ಹುಡುಗರಿಗೆ ಗುಡಿಯ ಕಟ್ಟೆಯಾದರೂ ಇದೆ, ಹುಡುಗಿಯರಿಗೆ ಕತ್ತಲಾದ ಮೇಲೆ ಅದೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಸರ್ಕಾರ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದೆ. ಡಿಸೆಂಬರ್‌ನಿಂದ ಪರೀಕ್ಷೆ ಮುಗಿಯುವವರೆಗೆ ಅವನ್ನು ರಾತ್ರಿ 9ರವರೆಗೆ ತೆರೆದಿಡಲಿ. ಒಂದು ಕಪ್ಪು ಹಲಗೆ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಹುಡುಗಿಯರನ್ನು ಮನೆ ಮುಟ್ಟಿಸಲು ಊರಿನ ಇಬ್ಬರು ತಾಯಂದಿರು. ಇಷ್ಟಕ್ಕೆ ಪಂಚಾಯಿತಿಯ ದೊಡ್ಡ ಬಜೆಟ್ಟೇನೂ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ.