ನೀಲಿ ನಕ್ಷತ್ರ ಮತ್ತು ಅದರ ಜೊತೆಗಾರ

ಇತಿಹಾಸ, ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗೆ ಆಕಾಶದ ನಕ್ಷತ್ರಗಳ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಪರೀಕ್ಷೆಗೆ ಬಾರದ, ಹೊಟ್ಟೆಗೆ ಹಿಟ್ಟಾಗದ ವಿಷಯವೆಂದು ತಳ್ಳಿಹಾಕುವವರೂ ಉಂಟು. ಆದರೆ ಪ್ರತಿಭೆಯನ್ನು ಅಳೆಯುವ ನಮ್ಮ ರೂಢಿಯೊಂದನ್ನು ತಿದ್ದಬಲ್ಲ ಪಾಠ ಈ ನಕ್ಷತ್ರಗಳಲ್ಲಿದೆ ಎಂದು ನನ್ನ ನಂಬಿಕೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಏಪ್ರಿಲ್, ಮೇ ತಿಂಗಳ ನಿರ್ಮಲ ರಾತ್ರಿಗಳಲ್ಲಿ ನಮ್ಮ ಪೊಳಲಿಯ ಬಯಲಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಮಂಜುಗಟ್ಟಿದ ಚುಕ್ಕೆಯೊಂದು ಕಾಣುತ್ತದೆ. ಅದರ ಹೆಸರು ಒಮೇಗಾ ಸೆಂಟಾರಿ. ಅದು ಒಂದು ನಕ್ಷತ್ರವಲ್ಲ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಕೋಟಿಯಷ್ಟು ನಕ್ಷತ್ರಗಳು ಗೋಳಾಕಾರವಾಗಿ ನೆರೆದಿರುವ ಗುಚ್ಛ. ಇಂತಹ 150ಕ್ಕೂ ಹೆಚ್ಚು ಗೋಳಗುಚ್ಛಗಳು ನಮ್ಮ ಆಕಾಶಗಂಗೆಯಲ್ಲಿವೆ. ಇವು ವೃದ್ಧರ ಊರುಗಳು. ಬಹುಪಾಲು ಗುಚ್ಛಗಳ ವಯಸ್ಸು 1,000 ಕೋಟಿ ವರ್ಷಗಳನ್ನು ದಾಟಿದೆ.

ತೂಕದ ನಕ್ಷತ್ರ ನೀಲಿಯಾಗಿ, ಉಜ್ವಲವಾಗಿ ಉರಿದು ಬೇಗ ಮುಗಿಯುತ್ತದೆ. ಹಗುರವಾದದ್ದು ಮಂದವಾಗಿ ಬಹುಕಾಲ ಬಾಳುತ್ತದೆ. ಹಾಗಿರಲು ಈ ಮುದಿ ಊರುಗಳಲ್ಲಿ ತರುಣ ನೀಲಿ ನಕ್ಷತ್ರಗಳು ಉಳಿದಿರಬಾರದು ತಾನೆ? ಆದರೆ 1953ರಲ್ಲಿ ಅಮೆರಿಕದ ಅಲನ್ ಸ್ಯಾಂಡೇಜ್ ಎಂ-3 ಎಂಬ ಗೋಳಗುಚ್ಛದಲ್ಲಿ ಅಂತಹವನ್ನೇ ಕಂಡರು. ಇವುಗಳಿಗೆ ‘ಬ್ಲೂ ಸ್ಟ್ರ್ಯಾಗ್ಲರ್’ ಎಂದು ಹೆಸರಾಯಿತು. ಎಂದರೆ, ಓರಗೆಯವರೆಲ್ಲ ಮುಪ್ಪಿನತ್ತ ಸಾಗಿದರೂ ಯೌವನದಲ್ಲೇ ಹಿಂದೆ ನಿಂತ ನೀಲಿ ತಾರೆಗಳು.

ಈ ಯೌವನ ಎಲ್ಲಿಂದ ಬಂತು? ವಿಜ್ಞಾನಿಗಳು ಮುಖ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಗುಚ್ಛದ ನಡುಭಾಗದಲ್ಲಿ ದಟ್ಟಣೆ ಅಪಾರ. ಪೊಳಲಿ ಚೆಂಡಿನ ಗದ್ದೆಯ ನಡುವೆ ನಿಂತವನಿಗೆ ಇನ್ನೊಬ್ಬನ ಭುಜ ತಾಗದಿರುವುದುಂಟೆ? ಹಾಗೆಯೇ ಅಲ್ಲಿ ಎರಡು ನಕ್ಷತ್ರಗಳು ಡಿಕ್ಕಿಯಾಗಿ ಒಂದಾಗಬಹುದು. ಎರಡನೆಯ ಉತ್ತರವನ್ನು 1964ರಲ್ಲಿ ಮೆಕ್ರೇ ಎಂಬವರು ಮುಂದಿಟ್ಟರು. ಜೋಡಿಯಾಗಿ ಸುತ್ತುವ ಎರಡು ತಾರೆಗಳಲ್ಲಿ ಒಂದು ತನ್ನ ದ್ರವ್ಯವನ್ನು ಇನ್ನೊಂದಕ್ಕೆ ಧಾರೆಯೆರೆಯುತ್ತದೆ. ಪಡೆದದ್ದು ತೂಕ ಹೆಚ್ಚಿ ನೀಲಿಯಾಗಿ ಬೆಳಗುತ್ತದೆ. ಕೊಟ್ಟದ್ದು ಕ್ಷಯಿಸಿ ಶ್ವೇತಕುಬ್ಜವೆಂಬ ಸಣ್ಣ, ಸುಡುವ ಕೆಂಡವಾಗಿ ಉಳಿಯುತ್ತದೆ.

ಇದನ್ನು ಸಾಮಾನ್ಯ ಬೆಳಕಿನಲ್ಲಿ ಕಂಡುಹಿಡಿಯುವುದು ಕಷ್ಟ. ಗುಚ್ಛದ ನಡುವೆ ಕೆಂಪುದೈತ್ಯ ನಕ್ಷತ್ರಗಳ ಅಬ್ಬರದ ಬೆಳಕು ಉಳಿದುದೆಲ್ಲವನ್ನೂ ಮುಳುಗಿಸುತ್ತದೆ. ಜೊತೆಗಾರನ ಸಣ್ಣ ಬೆಳಕೂ ನೀಲಿ ತಾರೆಯ ಪ್ರಭೆಯಲ್ಲಿ ಅಡಗುತ್ತದೆ. ಅತಿನೇರಳೆ ಕಿರಣಗಳಲ್ಲಿ ನೋಡಿದರೆ ಲೆಕ್ಕವೇ ಬೇರೆ. ತಣ್ಣಗಿನ ದೈತ್ಯರು ಮಂಕಾಗುತ್ತಾರೆ. ಬಿಸಿಯಾದವು ಎದ್ದು ಕಾಣುತ್ತವೆ. ಆದರೆ ಆ ಕಿರಣಗಳನ್ನು ವಾಯುಮಂಡಲದ ಓಝೋನ್ ತಡೆಯುವುದರಿಂದ ದೂರದರ್ಶಕ ಆಕಾಶಕ್ಕೇ ಏರಬೇಕು. 1991ರಲ್ಲಿ ಹಬಲ್ ದೂರದರ್ಶಕ 47 ಟುಕಾನೆ ಎಂಬ ಗುಚ್ಛದ ದಟ್ಟವಾದ ನಡುವಿನಲ್ಲಿಯೇ ಈ ನೀಲಿ ತಾರೆಗಳನ್ನು ಅತಿನೇರಳೆಯಲ್ಲಿ ಬೇರ್ಪಡಿಸಿ ತೋರಿಸಿತು.

ನಮ್ಮ ನಾಡಿನ ಪಾಲೂ ಇದರಲ್ಲಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿಯನ್ನು ಜೋಡಿಸಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ಹೊಸಕೋಟೆ ಪ್ರಯೋಗಾಲಯದಲ್ಲಿ. ಅದರ ಒಂದೇ ನೋಟ ಹೆಚ್ಚು ಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲ. ಗುಚ್ಛದ ನಡುವೂ ಅಂಚೂ ಒಟ್ಟಿಗೆ ದಕ್ಕುತ್ತವೆ. ಸ್ವಾತಿ ನಕ್ಷತ್ರವಿರುವ ಪುಂಜದಲ್ಲಿಯೇ ಎನ್‌ಜಿಸಿ 5466 ಎಂಬ ಗುಚ್ಛವಿದೆ. ಅದರ ಹೊರವಲಯದ ಒಂದು ನೀಲಿ ತಾರೆಯ ಪಕ್ಕದಲ್ಲಿ ಶ್ವೇತಕುಬ್ಜವಿರುವುದನ್ನು ನಮ್ಮ ವಿಜ್ಞಾನಿಗಳು ಇದೇ ದೂರದರ್ಶಕದಿಂದ ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಕೊಟ್ಟವನು ಕೊನೆಗೂ ಕಣ್ಣಿಗೆ ಬಿದ್ದ!

ನಮ್ಮ ಸಮಾಜವಾದರೋ ಇನ್ನೂ ಒಂದೇ ಬೆಳಕಿನಲ್ಲಿ ನೋಡುತ್ತಿದೆ. ಬಡಮನೆಯಿಂದ ಬಂದು ಪದವಿಯ ತನಕ ಏರಿದವನನ್ನು ‘ಸ್ವಂತ ಪ್ರಯತ್ನದಿಂದ ಮೇಲೆ ಬಂದವನು’ ಎಂದು ಹೊಗಳುತ್ತೇವೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಅಮ್ಮ ಬೀಡಿ ಕಟ್ಟುತ್ತಾರೆ. ಅಕ್ಕ ಎಂಟನೆಯ ತರಗತಿಗೇ ಶಾಲೆ ಬಿಟ್ಟು ಅವರ ಪಕ್ಕದಲ್ಲಿ ಗೆರಸೆ ಹಿಡಿದು ಕುಳಿತಳು. ನನ್ನ ಬಸ್ಸಿನ ಹಣ, ಪುಸ್ತಕದ ಹಣ, ಪರೀಕ್ಷೆಯ ಶುಲ್ಕ ಆ ಗೆರಸೆಯಿಂದ ಬಂದದ್ದು. ನಮ್ಮ ತರಗತಿಯ ಬೆಂಚುಗಳಲ್ಲಿ ಇಂತಹ ಲೆಕ್ಕವಿಲ್ಲದವರು ಎಷ್ಟು ಮಂದಿ?

ನಕ್ಷತ್ರಕ್ಕೆ ತ್ಯಾಗಬುದ್ಧಿಯಿಲ್ಲ, ಗುರುತ್ವಾಕರ್ಷಣೆ ಎಳೆದುದನ್ನು ಅದು ಕೊಟ್ಟಿತು, ಅಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ. ಅಕ್ಕನನ್ನೂ ಯಾರೂ ಕೇಳಿರಲಿಲ್ಲ. ಮನೆಯ ಸ್ಥಿತಿ ಎಳೆಯಿತು, ಅವಳು ಕೊಟ್ಟಳು. ಆದುದರಿಂದಲೇ ಅಂತಹವರನ್ನು ತ್ಯಾಗಮೂರ್ತಿಗಳೆಂದು ಹಾಡಿ ಹೊಗಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪಡೆದದ್ದು ಸಾಲ. ಸಾಲವನ್ನು ತೀರಿಸಬೇಕು.

ನನ್ನ ಸಲಹೆ ಇಷ್ಟೇ. ಈ ವರ್ಷ ಪದವಿ ಪಡೆದು ಹೊರಡುವ ನಾವು ಒಬ್ಬೊಬ್ಬರೂ ನಮಗಾಗಿ ಓದು ನಿಲ್ಲಿಸಿದ ಒಬ್ಬರನ್ನಾದರೂ ಮತ್ತೆ ಪುಸ್ತಕದ ಮುಂದೆ ಕೂರಿಸೋಣ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಖಾಸಗಿಯಾಗಿ ಕುಳಿತುಕೊಳ್ಳುವ ದಾರಿಯಿದೆ. ಮುಂದೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಸಂಜೆ ಒಂದು ಗಂಟೆ ಪಾಠ ಹೇಳಲು ನಮಗೆ ಬಿಡುವಿಲ್ಲವೆ? ಅಧ್ಯಾಪಕರೂ ಇದಕ್ಕೆ ಕೈಜೋಡಿಸಬೇಕೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಕೊಟ್ಟು ಬರಿದಾದ ಶ್ವೇತಕುಬ್ಜಕ್ಕೆ ನೀಲಿ ತಾರೆ ಹಿಂದಿರುಗಿಸುವುದು ಅಪರೂಪ, ಹಿಂದಿರುಗಿಸಿದರೂ ಹಳೆಯ ಯೌವನ ಬಾರದು. ಅಕ್ಕನಿಗೆ ಇನ್ನೂ ಇಪ್ಪತ್ತಾರು ವರ್ಷ.