ಔಷಧದ ಬೆಲೆಯೂ ವ್ಯಾಪಾರಧರ್ಮವೂ

ವ್ಯಾಪಾರದಲ್ಲಿ ಲಾಭವು ದೋಷವಲ್ಲ, ಲೋಭವು ದೋಷ. ಇವೆರಡನ್ನೂ ಒಂದೆಂದು ಬಗೆದರೆ ಆಗುವ ಅನರ್ಥಕ್ಕೆ ಹೆಪಟೈಟಿಸ್ ಸಿ ರೋಗದ ಔಷಧದ ಕಥೆಯೇ ಸಾಕ್ಷಿ.

1989ರಲ್ಲಿ ಗುರುತಿಸಲ್ಪಟ್ಟ ಈ ರೋಗದ ವೈರಾಣುವು ರಕ್ತದ ಮೂಲಕ ಹರಡಿ, ವರ್ಷಗಟ್ಟಲೆ ಯಾವ ಸೂಚನೆಯನ್ನೂ ನೀಡದೆ ಯಕೃತ್ತನ್ನು ಕೆಡಿಸುತ್ತದೆ. ಕಡೆಗೆ ಸಿರೋಸಿಸ್, ಕ್ಯಾನ್ಸರ್‌ಗಳಿಗೂ ಕಾರಣವಾಗಬಲ್ಲದು. ಹಿಂದೆ ಅನೇಕರು ಇಂಟರ್‌ಫೆರಾನ್ ಚುಚ್ಚುಮದ್ದನ್ನು 48 ವಾರಗಳವರೆಗೆ ಸಹಿಸಬೇಕಾಗಿತ್ತು. ಆದರೂ ಗುಣವಾಗುವ ಭರವಸೆಯಿರಲಿಲ್ಲ. ಸೊಫೊಸ್ಬುವಿರ್ ಮತ್ತು ಅದರೊಡನೆ ಕೊಡುವ ಹೊಸ ಮಾತ್ರೆಗಳಿಂದ, ಸಾಮಾನ್ಯವಾಗಿ 12 ವಾರಗಳಲ್ಲಿ, ನೂರಕ್ಕೆ 95ಕ್ಕೂ ಹೆಚ್ಚು ರೋಗಿಗಳು ಗುಣಹೊಂದುತ್ತಾರೆ.

ಆದರೆ 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಫೊಸ್ಬುವಿರ್‌ಗೆ ಗಿಲಿಯಡ್ ಕಂಪನಿ ಇಟ್ಟ ಬೆಲೆ ಮಾತ್ರೆಯೊಂದಕ್ಕೆ 1,000 ಡಾಲರ್. 12 ವಾರಗಳಿಗೆ 84,000 ಡಾಲರ್. ಇದನ್ನು ಭರಿಸಲಾರದೆ ಅಲ್ಲಿನ ಅನೇಕ ರಾಜ್ಯಗಳು, ಬಡವರ ವೈದ್ಯಕೀಯ ಯೋಜನೆಯಲ್ಲಿ, ಯಕೃತ್ತು ತೀವ್ರವಾಗಿ ಹಾನಿಗೊಂಡವರಿಗೆ ಮಾತ್ರ ಔಷಧವೆಂದು ನಿಯಮಿಸಿದವು. ಗುಣವಾಗಬಲ್ಲ ರೋಗಿಯು ಚಿಕಿತ್ಸೆಗಾಗಿ ಇನ್ನಷ್ಟು ಕೆಡುವವರೆಗೆ ಕಾಯಬೇಕೆಂಬುದು ಯಾವ ನ್ಯಾಯ?

ಸಂಶೋಧನೆಯ ವೆಚ್ಚ ಮರಳಿ ಬರಬೇಡವೇ ಎನ್ನುವವರುಂಟು. ಖಂಡಿತ ಬರಬೇಕು. ಆದರೆ ಲೆಕ್ಕವನ್ನು ನೋಡಿ. ಔಷಧವನ್ನು ರೂಪಿಸಿದ ಫಾರ್ಮಾಸೆಟ್ ಸಂಸ್ಥೆಯನ್ನು ಗಿಲಿಯಡ್ ಸುಮಾರು 1,100 ಕೋಟಿ ಡಾಲರಿಗೆ ಕೊಂಡಿತ್ತು. 2014ರ ಒಂದೇ ವರ್ಷದಲ್ಲಿ ಅದರ ಹೆಪಟೈಟಿಸ್ ಸಿ ಔಷಧಗಳ ಮಾರಾಟವು 1,200 ಕೋಟಿ ಡಾಲರನ್ನು ಮೀರಿತು. ಬೆಲೆಯನ್ನು ನಿರ್ಧರಿಸಿದ್ದು ಗರಿಷ್ಠ ವರಮಾನದ ಗುರಿಯೆಂದು ಅಮೆರಿಕದ ಸೆನೆಟ್‌ನ ಹಣಕಾಸು ಸಮಿತಿಯ ಹಿರಿಯ ಸದಸ್ಯರಿಬ್ಬರ ತನಿಖಾ ವರದಿಯೇ 2015ರಲ್ಲಿ ಹೇಳಿತು.

ಅದೇ ಕಂಪನಿ 2014ರಲ್ಲಿ ಈಜಿಪ್ಟಿಗೆ 12 ವಾರಗಳ ಔಷಧವನ್ನು 900 ಡಾಲರಿಗೆ ನೀಡಿತು. ಭಾರತದ ಏಳು ತಯಾರಕರಿಗೆ ಪರವಾನಗಿಯನ್ನೂ ಕೊಟ್ಟಿತು. ಇದು ಸ್ತುತ್ಯವೇ. ಆದರೆ ತಯಾರಿಕೆಯ ಖರ್ಚು 68ರಿಂದ 136 ಡಾಲರ್ ಇರಬಹುದೆಂದು ಅದೇ ವರ್ಷ ಸಂಶೋಧಕರು ಅಂದಾಜಿಸಿದ್ದರು. ಅಂದಮೇಲೆ 900 ಡಾಲರಿನಲ್ಲಿಯೂ ಲಾಭಕ್ಕೆ ಎಡೆಯಿತ್ತು. 84,000ಕ್ಕೆ ಲೋಭವಲ್ಲದೆ ಬೇರೆ ಹೆಸರಿಲ್ಲ.

ಭಾರತದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಇಲ್ಲಿ ಬೆಲೆಯ ನೆಪ ಸಲ್ಲದು. ಉಳಿದಿರುವುದು ಅಜ್ಞಾನ ಮತ್ತು ಅಸಡ್ಡೆ. ಆರೋಗ್ಯ ಶಿಬಿರಗಳನ್ನು ನಡೆಸುವ ಟ್ರಸ್ಟುಗಳು ಈ ಸೌಲಭ್ಯವನ್ನು ಜನರಿಗೆ ತಿಳಿಸುವುದು ಕರ್ತವ್ಯ. ಉಚಿತ ಔಷಧವೂ ರೋಗಿಗೆ ತಲುಪದಿದ್ದರೆ, ಆ ದೋಷ ದೂರದ ಕಂಪನಿಯದಲ್ಲ.